ಚರ್ಮರೋಗ ಸಂಶೋಧನೆಯಲ್ಲಿ ಜೀಬ್ರಾ ಮೀನು

ಮನುಷ್ಯರ ಚರ್ಮರೋಗಗಳ ಮೂಲ ಹುಡುಕಲು ಮತ್ತು ಹೊಸ ಔಷಧಿಗಳನ್ನು ಮೊದಲ ಹಂತದಲ್ಲಿ ಒರೆಗೆ ಹಚ್ಚಲು ಪ್ರಯೋಗಾಲಯಗಳಲ್ಲಿ ಸಾಕುವ ಮಾದರಿ ಜೀವಿಗಳಲ್ಲಿ ಜೀಬ್ರಾ ಮೀನು ಒಂದು. ವೈಜ್ಞಾನಿಕ ಹೆಸರು ಡೇನಿಯೊ ರೆರಿಯೊ. ಗೆಂಡೆ ಮೀನಿನ ಬಳಗಕ್ಕೆ ಸೇರಿದ ಇದರ ಉದ್ದ 3ರಿಂದ 4 ಸೆಂಟಿಮೀಟರ್. ಮೈಯುದ್ದಕ್ಕೂ ಕಡುನೀಲಿ ಪಟ್ಟೆಗಳಿವೆ. ಇದಕ್ಕೆ ಕೂದಲಿಲ್ಲ, ಬೆವರಿಲ್ಲ, ಇದರ ಮೈ ಸದಾ ನೀರಿನಲ್ಲೇ ನೆನೆದಿರುತ್ತದೆ. ಆದರೂ ಬಣ್ಣದ ದೋಷಗಳು, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್, ಗುಳ್ಳೆ ಏಳುವ ರೋಗಗಳು, ಗಾಯ ಮಾಯುವ ಬಗೆ, ಕುಷ್ಠದ ನರಹಾನಿ ಇವುಗಳ ಬಗ್ಗೆ ಈಗ ತಿಳಿದಿರುವುದರಲ್ಲಿ ಗಣನೀಯ ಪಾಲು ಈ ಮೀನಿನಿಂದ ಬಂದಿದೆ. ಇದು ಸಾಧ್ಯವಾದದ್ದು ಚರ್ಮದ ತಳಭಾಗ ಎಲ್ಲ ಬೆನ್ನೆಲುಬಿನ ಪ್ರಾಣಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ. ನೆಲಕ್ಕೆ ಬಂದ ಪ್ರಾಣಿಗಳು ಮುಂದೆ ಸೇರಿಸಿಕೊಂಡ ಭಾಗಗಳ ವಿಷಯದಲ್ಲಿ ಮೀನು ಅಷ್ಟು ನಂಬಿಕೆಯ ಸಾಕ್ಷಿಯಲ್ಲ.

ಹಿನ್ನೆಲೆ

ಜೀಬ್ರಾ ಮೀನು ಭಾರತ ಉಪಖಂಡದ್ದು. ಗಂಗಾ ಮತ್ತು ಬ್ರಹ್ಮಪುತ್ರ ಬಯಲಿನ ಹೊಳೆ, ಕಾಲುವೆ, ಭತ್ತದ ಗದ್ದೆಗಳ ನಿಧಾನ ನೀರಿನಲ್ಲಿ ಹೆಚ್ಚಾಗಿ ಸಿಗುತ್ತದೆ. ಪಶ್ಚಿಮ ಘಟ್ಟದ ತೊರೆಗಳಲ್ಲೂ ದಾಖಲಾಗಿದೆ. ಇದನ್ನು ಮೊದಲು ವರ್ಣಿಸಿದವನು ಕನ್ನಡ ನಾಡಿನ ಚರಿತ್ರೆ ಓದಿದವರಿಗೆ ಅಪರಿಚಿತನಲ್ಲ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ ಬೇಸಾಯ, ಕಸುಬು, ಜನಜೀವನದ ವಿವರ ಬರೆದಿಟ್ಟ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಅವನೇ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಪಡೆದು, 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಈ ಪುಟ್ಟ ಮೀನಿಗೂ ಅವನು ಜಾಗ ಕೊಟ್ಟ.

ಅಲಂಕಾರದ ಮೀನಾಗಿ ಪಶ್ಚಿಮ ದೇಶಗಳ ಗಾಜಿನ ತೊಟ್ಟಿಗಳನ್ನು ಸೇರಿದ ಇದನ್ನು ತಳಿಶಾಸ್ತ್ರದ ಪ್ರಾಣಿಯಾಗಿ ಆರಿಸಿಕೊಂಡವರು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ತಾಯಿಯ ವರ್ಣತಂತುಗಳಿಂದಲೇ ಒಂದೇ ಅಚ್ಚಿನ ಮೀನುಗಳನ್ನು ಪಡೆಯುವ ವಿಧಾನವನ್ನು ಅವರ ತಂಡ 1981ರಲ್ಲಿ ಪ್ರಕಟಿಸಿತು. 1990ರ ದಶಕದಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೊಲ್‌ಹಾರ್ಡ್ ಅವರ ತಂಡ ಮತ್ತು ಬಾಸ್ಟನ್ನಿನ ಇನ್ನೊಂದು ತಂಡ ರಾಸಾಯನಿಕದಿಂದ ಜೀನುಗಳನ್ನು ಕೆಡಿಸಿ, ಮರಿಗಳಲ್ಲಿ ಕಾಣುವ ದೋಷಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಲೆಹಾಕಿದವು. ಫಲಿತಾಂಶ 1996ರಲ್ಲಿ ಹೊರಬಂತು. ಬಣ್ಣಗೆಟ್ಟ, ರೆಕ್ಕೆ ಹರಿದ, ಚರ್ಮ ಸುಕ್ಕಿದ ಮರಿಗಳು ಆ ರಾಶಿಯಲ್ಲಿ ಬೇಕಾದಷ್ಟಿದ್ದವು. ಇಂದು ಚರ್ಮರೋಗದ ಮಾದರಿಗಳೆನಿಸಿದ ಹಲವು ತಳಿಗಳು ಅಲ್ಲಿಂದ ಬಂದವು. 2013ರಲ್ಲಿ ಪ್ರಕಟವಾದ ಪೂರ್ಣ ಜೀನೋಮ್, ಮನುಷ್ಯನ ಜೀನುಗಳಲ್ಲಿ ಸುಮಾರು ಶೇಕಡ 70ಕ್ಕೆ ಈ ಮೀನಿನಲ್ಲಿ ಕನಿಷ್ಠ ಒಂದು ಸಾಟಿ ಇದೆಯೆಂದು ತೋರಿಸಿತು.

ಮೀನಿನ ಚರ್ಮದ ರಚನೆ

ಮೊಟ್ಟೆ ಫಲಿತವಾದ ಒಂದು ದಿನದೊಳಗೆ ಭ್ರೂಣದ ಮೈಮೇಲೆ ಎರಡು ಪದರಗಳ ಹೊದಿಕೆ ಬಂದಿರುತ್ತದೆ. ಮೇಲಿನದು ನೀರಿಗೆ ತೆರೆದುಕೊಂಡ ತೆಳು ಪದರ. ಕೆಳಗಿನದು ಮುಂದೆ ಹೊರಚರ್ಮವನ್ನು ಬೆಳೆಸುವ ತಳದ ಕೋಶಗಳ ಸಾಲು. ಬೆಳೆದ ಮೀನಿನಲ್ಲಿ ಮೇಲು, ನಡು, ತಳ ಎಂದು ಮೂರು ಬಗೆಯ ಕೋಶಗಳಿರುತ್ತವೆ, ನಡುನಡುವೆ ಲೋಳೆ ಸುರಿಸುವ ಕೋಶಗಳು ಸೇರಿಕೊಂಡಿರುತ್ತವೆ. ತಳದ ಕೋಶಗಳು ಹೆಮಿಡೆಸ್ಮೋಸೋಮ್ ಎಂಬ ಕಟ್ಟುಗಳಿಂದ, ಅಂಗಿಯನ್ನು ಹಿಡಿದ ಗುಂಡಿಗಳಂತೆ, ಆಧಾರಪೊರೆಗೆ ಬಿಗಿದುಕೊಂಡಿವೆ. ಅದರ ಕೆಳಗೆ ಕೊಲ್ಯಾಜನ್ ತುಂಬಿದ ಒಳಚರ್ಮ. ಹುರುಪೆಗಳು ಹುಟ್ಟುವುದು ಈ ಒಳಚರ್ಮದಲ್ಲಿ. ಕೆರಾಟಿನ್ ತಂತುಗಳು, ಕೋಶಗಳನ್ನು ಪರಸ್ಪರ ಬೆಸೆಯುವ ಪ್ರೋಟೀನುಗಳು, ಆಧಾರಪೊರೆಯ ಘಟಕಗಳು ಇವೆಲ್ಲಕ್ಕೂ ಮನುಷ್ಯನಲ್ಲಿ ಸಾಟಿಗಳಿವೆ.

ಮನುಷ್ಯನ ಚರ್ಮದ ಮೇಲ್ತುದಿಯಲ್ಲಿ ಸತ್ತ ಕೋಶಗಳು ಅಟ್ಟಿಯಾಗಿ ಜೋಡಿಸಿಕೊಂಡ ಒಣ ಪದರವಿದೆ. ಮೈಯ ನೀರು ಆರದಂತೆ ತಡೆಯುವುದು ಅದೇ. ಮೀನಿನಲ್ಲಿ ಅದಿಲ್ಲ, ಮೇಲಿನ ಕೋಶಗಳೂ ಜೀವಂತ. ಕೂದಲ ಬುಡ, ಎಣ್ಣೆ ಗ್ರಂಥಿ, ಬೆವರಿನ ಗ್ರಂಥಿಗಳೂ ಇಲ್ಲ. ಮರಿ ಮೀನಿನ ಚರ್ಮ ಇನ್ನೂ ಬೇರೆ ಕೆಲಸಗಳನ್ನು ಹೊತ್ತಿರುತ್ತದೆ: ಮೊದಲ ದಿನಗಳಲ್ಲಿ ಕಿವಿರುಗಳು ಬಲಿಯುವವರೆಗೆ ಆಮ್ಲಜನಕ ಒಳಸೇರುವುದು ಚರ್ಮದ ಮೂಲಕ, ಲವಣದ ಸಮತೋಲ ನೋಡಿಕೊಳ್ಳುವ ಕೋಶಗಳೂ ಅಲ್ಲೇ ಇರುತ್ತವೆ. ಮರಿಯ ಚರ್ಮಕ್ಕೆ ಪೆಟ್ಟಾದರೆ ಉಸಿರಾಟ, ಲವಣ ಎಲ್ಲವೂ ಒಟ್ಟಿಗೆ ಏರುಪೇರಾಗುವುದನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಬಳಕೆಯ ಅನುಕೂಲಗಳು ಸರಳವಾದವು. ಒಂದು ಹೆಣ್ಣು ಒಮ್ಮೆಗೆ ನೂರಾರು ಮೊಟ್ಟೆ ಇಡುತ್ತದೆ; ಫಲನ ದೇಹದ ಹೊರಗೇ ನಡೆಯುತ್ತದೆ; 28 ಡಿಗ್ರಿಯ ನೀರಿನಲ್ಲಿ ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ, ಮೂರು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮರಿಯ ಪಾರದರ್ಶಕತೆ. ಇಲಿಯ ಚರ್ಮದೊಳಗೆ ಏನಾಗುತ್ತಿದೆ ಎಂದು ನೋಡಲು ಸಾಮಾನ್ಯವಾಗಿ ಚರ್ಮವನ್ನು ಕೊಯ್ದು ತೆಗೆಯಬೇಕು. ಜೀಬ್ರಾ ಮೀನಿನ ಮರಿಯಲ್ಲಿ ಬಣ್ಣದ ಕೋಶ, ಬಿಳಿ ರಕ್ತಕಣ, ನರದ ತುದಿ ಇವು ಓಡಾಡುವುದನ್ನು ಜೀವಂತವಾಗಿಯೇ ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ಚಿತ್ರೀಕರಿಸಬಹುದು. ಬೆಳೆದ ಮೀನು ಪಾರದರ್ಶಕವಲ್ಲವಾದ್ದರಿಂದ 2008ರಲ್ಲಿ ಎರಡು ಬಣ್ಣಗೇಡಿ ತಳಿಗಳನ್ನು ಕೂಡಿಸಿ, ಪ್ರಾಯದಲ್ಲೂ ಒಳಭಾಗ ಕಾಣುವ ಕ್ಯಾಸ್ಪರ್ ಎಂಬ ತಳಿಯನ್ನು ರೂಪಿಸಲಾಯಿತು.

ಬಣ್ಣ ಮತ್ತು ಬಣ್ಣದ ದೋಷಗಳು

ಈ ಮೀನಿನಿಂದ ಚರ್ಮವಿಜ್ಞಾನ ಪಡೆದ ಅತಿ ದೊಡ್ಡ ಲಾಭ ಬಣ್ಣದ ವಿಷಯದಲ್ಲಿ. ಪಟ್ಟೆಗಳನ್ನು ಮೂರು ಬಗೆಯ ಕೋಶಗಳು ಮೂಡಿಸುತ್ತವೆ: ಕಪ್ಪು ಮೆಲನಿನ್ ಹೊತ್ತವು, ಹಳದಿ ಬಣ್ಣದವು, ಬೆಳಕನ್ನು ಪ್ರತಿಫಲಿಸಿ ಬೆಳ್ಳಿಯಂತೆ ಹೊಳೆಯುವವು. ಮನುಷ್ಯನ ಮೆಲನಿನ್ ಕೋಶಗಳಂತೆ ಇವೂ ಭ್ರೂಣದ ನ್ಯೂರಲ್ ಕ್ರೆಸ್ಟ್ ಎಂಬ ಅಲೆಮಾರಿ ಕೋಶಸಮೂಹದಿಂದ ಹುಟ್ಟಿ ಚರ್ಮಕ್ಕೆ ವಲಸೆ ಬರುತ್ತವೆ. ಒಂದು ಮುಖ್ಯ ವ್ಯತ್ಯಾಸವೂ ಇದೆ. ಮನುಷ್ಯನಲ್ಲಿ ಮೆಲನಿನ್ ಕಣಗಳು ಸುತ್ತಲಿನ ಚರ್ಮಕೋಶಗಳಿಗೆ ಹಂಚಿಕೆಯಾಗುತ್ತವೆ. ಮೀನಿನಲ್ಲಿ ಅವು ಹುಟ್ಟಿದ ಕೋಶದಲ್ಲೇ ಉಳಿಯುತ್ತವೆ. ಹಂಚಿಕೆಯ ದೋಷದಿಂದ ಬರುವ ಕಾಯಿಲೆಗಳಿಗೆ ಮೀನು ಉತ್ತರ ಕೊಡದಿರುವುದು ಇದರಿಂದಲೇ.

ಕೋಶದ ಹುಟ್ಟು ಮತ್ತು ವಲಸೆಯ ದೋಷಗಳಲ್ಲಿ ಮಾತ್ರ ಹೋಲಿಕೆ ಬೆರಗು ಹುಟ್ಟಿಸುವಷ್ಟಿದೆ. ಕಿಟ್ ಎಂಬ ಜೀನು ಕೆಟ್ಟ ಮೀನಿನಲ್ಲಿ ಕಪ್ಪು ಕೋಶಗಳು ವಿರಳವಾಗುತ್ತವೆ. ಅದೇ ಜೀನು ಕೆಟ್ಟ ಮನುಷ್ಯರಲ್ಲಿ ಹಣೆಯ ಮೇಲೆ ಬಿಳಿ ಕೂದಲು, ಮೈಮೇಲೆ ಹುಟ್ಟಿನಿಂದಲೇ ಬಿಳಿ ಮಚ್ಚೆಗಳಿರುತ್ತವೆ. ಸಾಕ್ಸ್10 ಕೆಟ್ಟರೆ ಮೀನು ಬಣ್ಣವನ್ನಷ್ಟೇ ಅಲ್ಲದೆ ಕರುಳಿನ ನರಗಳನ್ನೂ ಕಳೆದುಕೊಳ್ಳುತ್ತದೆ. ಮನುಷ್ಯರಲ್ಲಿ ಬಣ್ಣದ ದೋಷ, ಕಿವುಡು ಮತ್ತು ಕರುಳಿನ ತಡೆ ಒಟ್ಟಿಗೆ ಬರುವ ವಾರ್ಡನ್‌ಬರ್ಗ್-ಶಾ ಸಹಲಕ್ಷಣದ ಒಂದು ಕಾರಣವೂ ಇದೇ ಜೀನು. ಮೆಲನಿನ್ ಕೋಶದ ಹುಟ್ಟಿಗೆ ಬೇಕಾದ ಮಿಟ್ಫ್ ಜೀನಿನ ಕಥೆ ಇನ್ನೂ ಸ್ವಾರಸ್ಯದ್ದು. ಬಹುಕೋಟಿ ವರ್ಷಗಳ ಹಿಂದೆ ಎಲುಬುಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾದ ಕಾರಣ ಜೀಬ್ರಾ ಮೀನಿನಲ್ಲಿ ಮಿಟ್ಫ್ ಎರಡಿದೆ. ಚರ್ಮದ ಕೋಶಗಳಿಗೆ ಬೇಕಾದ ಪ್ರತಿ ಕೆಟ್ಟರೂ ಇನ್ನೊಂದು ಕಣ್ಣಿನ ಬಣ್ಣವನ್ನು ಕಾಪಾಡುತ್ತದೆ. ಇಲಿಯಲ್ಲಿ ಒಂದೇ ಪ್ರತಿ ಇರುವುದರಿಂದ ಕಣ್ಣೂ ಕೆಡುತ್ತದೆ. ಸಾಮಾನ್ಯವಾಗಿ ತೊಡಕೆನಿಸುವ ಈ ಇಮ್ಮಡಿತನ ಇಲ್ಲಿ ಚರ್ಮದ ಪ್ರಶ್ನೆಯನ್ನು ಕಣ್ಣಿನ ಪ್ರಶ್ನೆಯಿಂದ ಬಿಡಿಸಿಕೊಟ್ಟಿದೆ.

ಗೋಲ್ಡನ್ ಎಂಬ ತಳಿಯ ಅಧ್ಯಯನ ಈ ಕ್ಷೇತ್ರದ ಹೆಗ್ಗುರುತು. ಸ್ಟ್ರೈಸಿಂಗರ್ ಅವರ ಕಾಲದಿಂದಲೂ ಇದ್ದ ಈ ಮಾಸಲು ಮೀನಿನಲ್ಲಿ ಮೆಲನಿನ್ ಕಣಗಳು ಕಡಿಮೆ, ಸಣ್ಣವು, ತೆಳುಬಣ್ಣದವು. 2005ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಕೀತ್ ಚೆಂಗ್ ಮತ್ತು ಸಹೋದ್ಯೋಗಿಗಳು ಕೆಟ್ಟ ಜೀನು ಎಸ್‌ಎಲ್‌ಸಿ24ಎ5 ಎಂದು ಗುರುತಿಸಿದರು. ಮನುಷ್ಯನ ಅದೇ ಜೀನಿನ ಸಂದೇಶವನ್ನು ಭ್ರೂಣಕ್ಕೆ ಚುಚ್ಚಿದಾಗ ಮೀನಿಗೆ ಕಪ್ಪು ಮರಳಿತು. ನಂತರ ಮನುಷ್ಯರ ಕಡೆ ತಿರುಗಿ ನೋಡಿದಾಗ, ಐರೋಪ್ಯರಲ್ಲಿ ಬಹುತೇಕ ಎಲ್ಲರಲ್ಲೂ ಈ ಪ್ರೋಟೀನಿನ 111ನೆಯ ಸ್ಥಾನದಲ್ಲಿ ಅಲನಿನ್ ಬದಲು ಥ್ರಿಯೊನಿನ್ ಇರುವುದು ಕಂಡಿತು. ಐರೋಪ್ಯ ಮತ್ತು ಆಫ್ರಿಕನ್ ಮೂಲದವರ ಮೈಬಣ್ಣದ ಅಂತರದಲ್ಲಿ ಶೇಕಡ 25ರಿಂದ 38ರಷ್ಟು ಈ ಒಂದೇ ಅಕ್ಷರದ ಬದಲಾವಣೆಗೆ ಸಲ್ಲುತ್ತದೆ ಎಂಬುದು ಆ ತಂಡದ ಅಂದಾಜು. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಪಾಲ್ಗೊಂಡು 2013ರಲ್ಲಿ ಪ್ರಕಟಿಸಿದ ಅಧ್ಯಯನ, ದಕ್ಷಿಣ ಏಷ್ಯಾದವರಲ್ಲಿ ಕಾಣುವ ಅದೇ ಬದಲಾವಣೆ ಐರೋಪ್ಯರದರೊಡನೆ ಒಂದೇ ಮೂಲದಿಂದ ಬಂದದ್ದೆಂದು ತೋರಿಸಿತು. ಅದೇ ವರ್ಷ ಈ ಜೀನು ಪೂರ್ತಿ ಕೆಟ್ಟವರಲ್ಲಿ ಒಂದು ಬಗೆಯ ಆಲ್ಬಿನಿಸಂ ಬರುವುದೂ ಪತ್ತೆಯಾಯಿತು.

ತೊನ್ನಿನ ವಿಷಯದಲ್ಲಿ ಮೀನಿನ ನೆರವು ಅರೆಬರೆಯಾದದ್ದು. ತೊನ್ನಿನಲ್ಲಿ ದೇಹದ ರಕ್ಷಣಾ ಕೋಶಗಳೇ ಮೆಲನಿನ್ ಕೋಶಗಳನ್ನು ಕೊಲ್ಲುತ್ತವೆ; ಆ ದಾಳಿಗೆ ಒಪ್ಪುವ ಮಾದರಿ ಮೀನಿನಲ್ಲಿ ಸಿದ್ಧವಾಗಿಲ್ಲ. ಆದರೆ ಕೋಶಗಳನ್ನು ಬೇಕೆಂದೇ ನಾಶಮಾಡಿದರೆ ನರಗಂಟುಗಳ ಬಳಿ ಅಡಗಿರುವ ಮೂಲಕೋಶಗಳಿಂದ ಹೊಸವು ಹುಟ್ಟಿ ಜಾಗ ತುಂಬುವುದನ್ನು ಮರಿಗಳಲ್ಲಿ ಹೆಜ್ಜೆಹೆಜ್ಜೆಯಾಗಿ ನೋಡಲಾಗಿದೆ. ಚಿಕಿತ್ಸೆ ಪಡೆದ ತೊನ್ನಿನ ಕಲೆಗಳಲ್ಲಿ ಬಣ್ಣ ಮರಳುವುದು ಹೆಚ್ಚಾಗಿ ಕೂದಲ ಬುಡದ ಮೂಲಕೋಶಗಳಿಂದ. ಹೀಗಾಗಿ ಎರಡೂ ಕಡೆಯ ರಾಸಾಯನಿಕ ಸಂಕೇತಗಳನ್ನು ಹೋಲಿಸಬಹುದೇ ಹೊರತು ಮೀನಿನ ಪಾಠವನ್ನು ನೇರವಾಗಿ ರೋಗಿಗೆ ಅನ್ವಯಿಸಲಾಗದು.

ಮೆಲನೋಮಾ

ಮೀನುಗಳಲ್ಲಿ ಮೆಲನೋಮಾ ಅಧ್ಯಯನ ಜೀಬ್ರಾ ಮೀನಿಗಿಂತ ಹಳೆಯದು. ಪ್ಲಾಟಿ ಮತ್ತು ಕತ್ತಿಬಾಲದ ಮೀನುಗಳ ಮಿಶ್ರತಳಿಯಲ್ಲಿ ಈ ಗಡ್ಡೆ ಏಳುವುದು 1920ರ ದಶಕದಲ್ಲೇ ತಿಳಿದಿತ್ತು. ಜೀಬ್ರಾ ಮೀನು ಈ ಕ್ಷೇತ್ರಕ್ಕೆ ಬಂದದ್ದು 2005ರಲ್ಲಿ, ಬಾಸ್ಟನ್ನಿನ ಲೆನರ್ಡ್ ಜಾನ್ ಅವರ ಪ್ರಯೋಗಾಲಯದಲ್ಲಿ. ಮನುಷ್ಯರ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕಾಣುವ ಬ್ರಾಫ್ ಜೀನಿನ ವಿ600ಇ ಬದಲಾವಣೆಯನ್ನು ಮೀನಿನ ಕಪ್ಪು ಕೋಶಗಳಲ್ಲಿ ಮಾತ್ರ ಚಾಲೂ ಮಾಡಿದಾಗ ಮೈಮೇಲೆ ಮಚ್ಚೆಗಳು ಮೂಡಿದವು, ಗಡ್ಡೆಯಾಗಲಿಲ್ಲ. ಗಡ್ಡೆಗಳನ್ನು ತಡೆಯುವ ಪಿ53 ಜೀನೂ ಕೆಟ್ಟ ಮೀನಿನಲ್ಲಿ ಅವೇ ಮಚ್ಚೆಗಳ ಜೊತೆ ಮೆಲನೋಮಾ ಬೆಳೆಯಿತು. ನಿರಪಾಯದ ಮಚ್ಚೆಗಳಲ್ಲೂ ಇರುವ ಬದಲಾವಣೆ ಕೆಲವರಲ್ಲಷ್ಟೇ ಏಕೆ ಕ್ಯಾನ್ಸರ್ ಆಗುತ್ತದೆ ಎಂಬ ವೈದ್ಯರ ಹಳೆಯ ಪ್ರಶ್ನೆಗೆ ಇದು ಸ್ಪಷ್ಟ ಪ್ರಯೋಗದ ರೂಪ ಕೊಟ್ಟಿತು.

2016ರಲ್ಲಿ ಅದೇ ಪ್ರಯೋಗಾಲಯ, ಭ್ರೂಣದ ನ್ಯೂರಲ್ ಕ್ರೆಸ್ಟಿನಲ್ಲಿ ಮಾತ್ರ ಕೆಲಸಮಾಡಿ ನಂತರ ಆರಿಹೋಗುವ ಕ್ರೆಸ್ಟಿನ್ ಎಂಬ ಜೀನಿಗೆ ಹಸಿರು ಬೆಳಕಿನ ಗುರುತು ಕಟ್ಟಿತು. ಕ್ಯಾನ್ಸರಿನ ಜೀನುದೋಷ ಹೊತ್ತ ಸಾವಿರಾರು ಕಪ್ಪು ಕೋಶಗಳ ನಡುವೆ ಎಲ್ಲೋ ಒಂದು ಕೋಶ ಮತ್ತೆ ಭ್ರೂಣದ ಸ್ಥಿತಿಗೆ ಮರಳಿ ಹಸಿರಾಗಿ ಬೆಳಗುವುದು, ಅದೇ ಜಾಗದಲ್ಲಿ ಮುಂದೆ ಗಡ್ಡೆ ಬೆಳೆಯುವುದು ಕಂಡಿತು. ಬದುಕಿರುವ ಪ್ರಾಣಿಯಲ್ಲಿ ಗಡ್ಡೆಯ ಮೊದಲ ಕೋಶವನ್ನು ಹೀಗೆ ಹಿಡಿಯುವುದು ಇಲಿಯಲ್ಲಿ ಬಹಳ ಕಷ್ಟ.

ಬಿಳಿಯ ಚರ್ಮದಲ್ಲಿ ಬಿಸಿಲಿನಿಂದ ಬರುವ ಮೆಲನೋಮಾಕ್ಕೇ ಸಂಶೋಧನೆ ಬಹುಕಾಲ ಗಮನ ಕೊಟ್ಟಿತ್ತು. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರುವ ಬಗೆಗೆ ಬಿಸಿಲಿನ ಸಂಬಂಧ ಕಡಿಮೆ. ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮೆಲನೋಮಾದಲ್ಲಿ ಇದರದೇ ದೊಡ್ಡ ಪಾಲು. ಈ ಬಗೆಯಲ್ಲಿ ಹೆಚ್ಚಾಗಿ ಕಾಣುವ ಸಿಆರ್‌ಕೆಎಲ್ ಜೀನಿನ ಹೆಚ್ಚುವರಿ ಪ್ರತಿಗಳನ್ನು ಮೀನಿಗೆ ಸೇರಿಸಿದಾಗ ಗಡ್ಡೆಗಳು ಮೈಗಿಂತ ಈಜುರೆಕ್ಕೆಗಳಲ್ಲಿ ಹೆಚ್ಚಾಗಿ ಎದ್ದವೆಂದು ರಿಚರ್ಡ್ ವೈಟ್ ಅವರ ತಂಡ 2022ರಲ್ಲಿ ವರದಿ ಮಾಡಿತು. ಕೈಕಾಲು ಮತ್ತು ರೆಕ್ಕೆ ಎರಡರ ತುದಿಯನ್ನೂ ರೂಪಿಸುವ ಜೀನುಗಳು ಒಂದೇ ಕುಟುಂಬದವು. ಕೋಶ ಎಲ್ಲಿದೆ ಎಂಬುದೇ ಯಾವ ಜೀನು ಅದನ್ನು ಕೆಡಿಸಬಲ್ಲದು ಎಂಬುದನ್ನು ನಿರ್ಧರಿಸುತ್ತದೆ ಎಂಬ ತೀರ್ಮಾನ ಭಾರತದಂಥ ದೇಶಕ್ಕೆ ವಿಶೇಷವಾಗಿ ಪ್ರಸ್ತುತ.

ಗುಳ್ಳೆ, ಹುರುಪೆ, ಉರಿಯೂತ

ಆಧಾರಪೊರೆಯ ಹಿಡಿತ ಸಡಿಲಾದರೆ ಚರ್ಮದ ಪದರಗಳು ಬೇರ್ಪಟ್ಟು ಗುಳ್ಳೆ ಏಳುತ್ತದೆ. ಫ್ರಾಸ್1 ಮತ್ತು ಅದರ ಜೊತೆಯ ಜೀನುಗಳು ಕೆಟ್ಟ ಮೀನಿನ ಮರಿಗಳಲ್ಲಿ ರೆಕ್ಕೆಯ ಅಂಚಿನಲ್ಲಿ ಹೀಗೆ ಗುಳ್ಳೆಗಳೇಳುತ್ತವೆ. ಮನುಷ್ಯರಲ್ಲಿ ಅವೇ ಜೀನುಗಳು ಕಣ್ಣುರೆಪ್ಪೆ ತೆರೆಯದೆ, ಬೆರಳುಗಳು ಅಂಟಿಕೊಂಡು ಹುಟ್ಟುವ ಫ್ರೇಸರ್ ಸಹಲಕ್ಷಣಕ್ಕೆ ಕಾರಣ. ತಳದ ಕೋಶಗಳು ಹೆಮಿಡೆಸ್ಮೋಸೋಮ್ ಕಟ್ಟಿಕೊಳ್ಳಲಾರದೆ ಅತಿಯಾಗಿ ಬೆಳೆಯುವ ಪೆನ್ನರ್ ತಳಿಯನ್ನು ವಿವರಿಸಿದ ಮಹೇಂದ್ರ ಸೋನವಣೆ ಅವರು ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ಹೊರಚರ್ಮದ ಅಧ್ಯಯನವನ್ನೇ ಮುಂದುವರಿಸಿದ್ದಾರೆ.

ಇಡಾ ಜೀನಿನ ಉದಾಹರಣೆ, ನೆಲದ ಪ್ರಾಣಿಗಳು ಸೇರಿಸಿಕೊಂಡ ಭಾಗಗಳ ಬಗ್ಗೆ ಮೇಲೆ ಹೇಳಿದ ಮಿತಿಗೆ ಒಂದು ಅಪವಾದ. ಈ ಜೀನು ಕೆಟ್ಟವರಿಗೆ ಕೂದಲು ವಿರಳ, ಹಲ್ಲುಗಳು ಕೆಲವೇ, ಬೆವರು ಬಾರದೆ ಬೇಸಿಗೆ ದುಸ್ತರ. ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದಲ್ಲಿ ನಾಲ್ಕು ತಲೆಮಾರುಗಳ ಹತ್ತು ಗಂಡಸರಿಗೆ ಹೀಗಿತ್ತೆಂದು ಡಾರ್ವಿನ್ ಬರೆದಿದ್ದಾನೆ. ಮೀನಿಗೆ ಕೂದಲೂ ಇಲ್ಲ ಬೆವರೂ ಇಲ್ಲವಾದರೂ ಇದೇ ಜೀನು ಕೆಟ್ಟರೆ ಹುರುಪೆಗಳು ಹುಟ್ಟುವುದಿಲ್ಲ, ಗಂಟಲಿನ ಹಲ್ಲುಗಳು ಕಡಿಮೆಯಾಗುತ್ತವೆ. ಅಂಗ ಬೇರೆಯಾದರೂ ಅದನ್ನು ಚರ್ಮದಲ್ಲಿ ಮೊಳೆಸುವ ಆಜ್ಞೆ ಒಂದೇ ಎಂಬುದು 2008ರ ಈ ಸಂಶೋಧನೆಯಿಂದ ಖಚಿತವಾಯಿತು.

ಸೋರಿಯಾಸಿಸ್ ಅನ್ನು ಹೋಲುವ ಮಾದರಿಗಳಲ್ಲಿ ಹೆಸರಾದದ್ದು ಹೈ1ಎ ಜೀನು ಕೆಟ್ಟ ಮೀನು. ಚರ್ಮಕೋಶಗಳು ಗುಂಪುಗಟ್ಟಿ ಸಿಪ್ಪೆಯಂತೆ ಏಳುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಇಲ್ಲಿ ಮ್ಯಾಟ್ರಿಪ್ಟೇಸ್ ಎಂಬ ಕಿಣ್ವಕ್ಕೆ ಕಡಿವಾಣವಿಲ್ಲದಿರುವುದೇ ಮೂಲದೋಷ, ಉರಿಯೂತ ಅದರ ಪರಿಣಾಮ ಎಂದು 2007ರ ಅಧ್ಯಯನ ತೋರಿಸಿತು. ಆದರೆ ಮನುಷ್ಯರ ಸೋರಿಯಾಸಿಸ್‌ನಲ್ಲಿ ಟಿ ಕೋಶಗಳ ಪಾತ್ರ ದೊಡ್ಡದು. ಮರಿ ಮೀನಿನಲ್ಲಿ ಅವು ಬಲಿಯಲು ವಾರಗಳೇ ಬೇಕು. ಈ ಮಾದರಿಯನ್ನು ಸೋರಿಯಾಸಿಸ್ ಎಂದೇ ಕರೆಯುವುದು ಅತಿಶಯ. ಚರ್ಮಕೋಶ ಮತ್ತು ನ್ಯೂಟ್ರೋಫಿಲ್‌ಗಳ ನಡುವಿನ ಮಾತುಕತೆಯ ಮಾದರಿ ಎನ್ನುವುದು ಸರಿ.

ಗಾಯ ಮಾಯುವಿಕೆ

ಬೆಳೆದ ಜೀಬ್ರಾ ಮೀನಿನ ಪಕ್ಕೆಯಲ್ಲಿ ಪೂರ್ತಿ ಚರ್ಮದ ಆಳಕ್ಕೆ ಗಾಯ ಮಾಡಿದರೆ ಒಂದು ದಿನದೊಳಗೆ ಹೊಸ ಹೊರಚರ್ಮ ಅದನ್ನು ಮುಚ್ಚಿಬಿಡುತ್ತದೆ. ಮನುಷ್ಯನಲ್ಲಿ ಆಗುವಂತೆ ಮೊದಲು ರಕ್ತ ಹೆಪ್ಪುಗಟ್ಟಿ ಹಕ್ಕಳೆಯಾಗುವ ಹಂತವಿಲ್ಲ. ಉರಿಯೂತ, ಹೊಸ ಅಂಗಾಂಶ ಇವು ನಂತರ ಬರುತ್ತವೆ, ಕೊನೆಗೆ ಕಲೆ ಉಳಿಯುವುದು ಅತ್ಯಲ್ಪ. ಮರಿಯ ಬಾಲದ ಅಂಚನ್ನು ಕತ್ತರಿಸಿದಾಗ ಬಿಳಿ ರಕ್ತಕಣಗಳು ತಲುಪುವ ಮೊದಲೇ, ಕೆಲವೇ ನಿಮಿಷಗಳಲ್ಲಿ, ಗಾಯದ ಅಂಚಿನ ಕೋಶಗಳು ಹೈಡ್ರೋಜನ್ ಪೆರಾಕ್ಸೈಡ್ ಸೂಸಿ ಅವನ್ನು ಕರೆಯುವುದು 2009ರಲ್ಲಿ ಕಂಡುಬಂತು. ಸೋಂಕು ಕೊಲ್ಲಲು ಔಷಧಿ ಅಂಗಡಿಯಲ್ಲಿ ಸಿಗುವ ಈ ರಾಸಾಯನಿಕ ದೇಹದೊಳಗೆ ಸಂದೇಶವಾಹಕವೂ ಹೌದೆಂಬುದು ಅನಿರೀಕ್ಷಿತ. ಸುತ್ತಲಿನ ಸಿಹಿನೀರೇ ಇನ್ನೊಂದು ಸೂಚನೆ: ಮೈಯ ಲವಣಕ್ಕೆ ಸಮನಾದ ದ್ರಾವಣದಲ್ಲಿ ಮರಿಯನ್ನಿಟ್ಟರೆ ಗಾಯದ ಕೋಶಗಳ ಚಲನೆ ಕುಂಠಿತವಾಗುತ್ತದೆ. ಒಣ ಗಾಳಿಯಲ್ಲಿ ಬದುಕುವ ಮನುಷ್ಯನ ಗಾಯಕ್ಕೆ ಇದನ್ನು ಅನ್ವಯಿಸುವಾಗ ಎಚ್ಚರ ಬೇಕು. ಬಾಯಿಯ ಒಳಪೊರೆ, ಅನ್ನನಾಳದಂಥ ತೇವದ ಜಾಗಗಳಿಗೆ ಹೋಲಿಕೆ ಹೆಚ್ಚು ಒಪ್ಪುತ್ತದೆ.

ಸೋಂಕು ಮತ್ತು ಕುಷ್ಠ

ಮೈಕೋಬ್ಯಾಕ್ಟೀರಿಯಂ ಮರೈನಂ ಮೀನುಗಳಿಗೆ ಸಹಜವಾಗಿ ತಗಲುವ ರೋಗಾಣು, ಕ್ಷಯದ ರೋಗಾಣುವಿನ ಸಂಬಂಧಿ. ಗಾಜಿನ ತೊಟ್ಟಿಯ ಮೀನು ಸಾಕುವವರ ಕೈಯ ಗೀರುಗಳ ಮೂಲಕ ಸೇರಿ ತಿಂಗಳುಗಟ್ಟಲೆ ಮಾಯದ ಗಂಟುಗಳನ್ನೂ ಎಬ್ಬಿಸುತ್ತದೆ. ಲಲಿತಾ ರಾಮಕೃಷ್ಣನ್ ಅವರು ಈ ರೋಗಾಣುವನ್ನು ಪಾರದರ್ಶಕ ಮರಿಗಳಿಗೆ ಸೋಂಕಿಸಿ, ಮ್ಯಾಕ್ರೊಫೇಜ್ ಕೋಶಗಳು ಅದನ್ನು ನುಂಗಿ ಗಂಟುಗಟ್ಟುವ ಪ್ರಕ್ರಿಯೆಯನ್ನು ಕಣ್ಣಾರೆ ಕಾಣುವಂತೆ ಮಾಡಿದರು. ಸೋಂಕಿಗೆ ಬೇಗ ಬಲಿಯಾಗುವ ಮೀನುಗಳನ್ನು ಶೋಧಿಸಿದಾಗ ಎಲ್‌ಟಿಎ4ಎಚ್ ಎಂಬ ಜೀನು ಸಿಕ್ಕಿತು. 2010ರಲ್ಲಿ ಪ್ರಕಟವಾದ ಈ ಕೆಲಸದ ಮುಂದುವರಿಕೆಯಾಗಿ ರೋಗಿಗಳನ್ನು ಪರೀಕ್ಷಿಸಿದಾಗ, ಇದೇ ಜೀನಿನ ಭೇದಗಳು ವಿಯೆಟ್ನಾಮಿನಲ್ಲಿ ಕ್ಷಯದೊಡನೆ, ನೇಪಾಳದಲ್ಲಿ ತೀವ್ರ ಬಗೆಯ ಕುಷ್ಠದೊಡನೆ ನಂಟು ಹೊಂದಿದ್ದವು. ಎರಡು ಪ್ರತಿಗಳು ಒಂದೇ ಬಗೆಯವಾಗಿರದೆ ಬೆರಕೆಯಾಗಿದ್ದವರಿಗೆ ರಕ್ಷಣೆ ಹೆಚ್ಚಿತ್ತು.

ಕುಷ್ಠದ ರೋಗಾಣುವನ್ನು ಪ್ರಯೋಗಾಲಯದ ಯಾವ ಮಾಧ್ಯಮದಲ್ಲೂ ಬೆಳೆಸಲಾಗದು. ಇಲಿಯ ಅಂಗಾಲು ಅಥವಾ ಆರ್ಮಡಿಲೊ ಎಂಬ ಚಿಪ್ಪಿನ ಪ್ರಾಣಿಯೇ ಗತಿ, ಅದಕ್ಕೂ ತಿಂಗಳುಗಳು ಬೇಕು. ಚರ್ಮದ ಮಚ್ಚೆಯಲ್ಲಿ ಸ್ಪರ್ಶ ಹೋಗುವುದು ಕುಷ್ಠದ ಮುಖ್ಯ ಲಕ್ಷಣ, ಅಂಗವಿಕಲತೆಗೆ ಮೂಲವೂ ಅದೇ. ರೋಗಾಣು ನೇರವಾಗಿ ನರವನ್ನು ಕೆಡಿಸುತ್ತದೆಂದು ಬಹುಕಾಲ ಭಾವಿಸಲಾಗಿತ್ತು. 2017ರಲ್ಲಿ ಮರಿ ಮೀನಿನಲ್ಲಿ ಕಂಡದ್ದು ಬೇರೆ: ರೋಗಾಣುವನ್ನು ನುಂಗಿದ ಮ್ಯಾಕ್ರೊಫೇಜ್‌ಗಳು, ಅದರ ಮೇಲ್ಮೈಯ ಒಂದು ಕೊಬ್ಬಿನಾಂಶದಿಂದ ಕೆರಳಿ, ನೈಟ್ರಿಕ್ ಆಕ್ಸೈಡ್ ಸುರಿಸುತ್ತವೆ, ನರತಂತುಗಳ ಮೇಲ್ಹೊದಿಕೆ ಹಾಳಾಗುವುದು ಅದರಿಂದ. ಔಷಧಿಯಿಂದ ರೋಗಾಣು ಸತ್ತರೂ ನರಹಾನಿಯನ್ನು ತಡೆಯಲು ಬೇರೆ ದಾರಿ ಬೇಕೆಂಬುದಕ್ಕೆ ಇದು ಬಲವಾದ ಆಧಾರ.

ಔಷಧಿ ಶೋಧ ಮತ್ತು ಮಿತಿಗಳು

ಪುಟ್ಟ ಮರಿಗಳನ್ನು 96 ಗುಳಿಗಳ ತಟ್ಟೆಯಲ್ಲಿಟ್ಟು ಪ್ರತಿ ಗುಳಿಯ ನೀರಿಗೆ ಒಂದೊಂದು ರಾಸಾಯನಿಕ ಬೆರೆಸಿ ನೋಡಬಹುದು. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ನ್ಯೂರಲ್ ಕ್ರೆಸ್ಟಿನ ಮತ್ತು ಮೆಲನೋಮಾದ ಬೆಳವಣಿಗೆಯನ್ನು ತಡೆಯುವುದು 2011ರಲ್ಲಿ ಇಂಥ ಶೋಧದಿಂದಲೇ ತಿಳಿಯಿತು, ಆದರೆ ಅದು ಮೆಲನೋಮಾದ ರೂಢಿಯ ಚಿಕಿತ್ಸೆಯಾಗಿಲ್ಲ. ಇದೇ ತಟ್ಟೆಗಳಲ್ಲಿ ಮೆಲನಿನ್ ತಗ್ಗಿಸುವ ವಸ್ತುಗಳನ್ನೂ ಪರೀಕ್ಷಿಸುತ್ತಾರೆ. ಬಿಳುಪಿನ ಕ್ರೀಮುಗಳ ಮಾರುಕಟ್ಟೆ ಹಿಂದಿರುವ ಈ ಪ್ರಬಂಧಗಳ ಸಂಖ್ಯೆ ದೊಡ್ಡದು, ವೈದ್ಯಕೀಯ ತೂಕ ಕಡಿಮೆ. ನೀರಿನಲ್ಲಿ ಬೆರೆಸಿದ ವಸ್ತುವಿನಲ್ಲಿ ಎಷ್ಟು ಮರಿಯ ಒಳಸೇರಿತು ಎಂದು ಅಳೆಯದೆ ಹೇಳಲಾಗದು. ಅದರ ಚರ್ಮಕ್ಕೆ ಒಣ ಪದರದ ತಡೆಯಿಲ್ಲದಿರುವುದರಿಂದ ಮನುಷ್ಯನಿಗೆ ಹಚ್ಚುವ ಮುಲಾಮಿನ ಪ್ರಮಾಣವನ್ನು ಇಲ್ಲಿಂದ ಊಹಿಸುವಂತಿಲ್ಲ.

ಮೊಡವೆ, ಬೋಳುತಲೆ, ಬೆವರಿನ ತೊಂದರೆಗಳಿಗೆ ಮೀನು ನೇರ ಮಾದರಿಯಾಗಲಾರದು. ಇಸುಬಿನ ಅನೇಕ ರೋಗಿಗಳಲ್ಲಿ ಕೆಟ್ಟಿರುವ ಫಿಲಾಗ್ರಿನ್ ಒಣ ಪದರದ ಪ್ರೋಟೀನು, ಮೀನಿನಲ್ಲಿ ಅದಿಲ್ಲ. ಜೀನುಗಳು ಇಮ್ಮಡಿಯಾಗಿರುವಲ್ಲಿ ಒಂದನ್ನು ಕೆಡಿಸಿದರೆ ಇನ್ನೊಂದು ಕೊರತೆ ತುಂಬಬಹುದು. ಜೀನಿನ ಬಾಯನ್ನು ತಾತ್ಕಾಲಿಕವಾಗಿ ಮುಚ್ಚಿಸುವ ಮಾರ್ಫೊಲಿನೊ ಎಂಬ ಹಳೆಯ ವಿಧಾನದಿಂದ ವರದಿಯಾದ ಬಹಳಷ್ಟು ದೋಷಗಳು ಜೀನನ್ನು ನಿಜಕ್ಕೂ ಕೆಡಿಸಿದ ಮೀನುಗಳಲ್ಲಿ ಕಾಣದಿದ್ದದ್ದು 2015ರಲ್ಲಿ ಬಯಲಾಗಿ, ಹಳೆಯ ಪ್ರಬಂಧಗಳನ್ನು ಮರುಪರಿಶೀಲಿಸಬೇಕಾಯಿತು. ಕೆಟ್ಟ ಜೀನಿನ ಬದಲು ಬೇರೆ ಜೀನುಗಳು ಚುರುಕಾಗುವ ಸಾಧ್ಯತೆಯೂ ಇರುವುದರಿಂದ ಎರಡೂ ವಿಧಾನಗಳ ಫಲಿತಾಂಶವನ್ನು ಒಟ್ಟಿಗೆ ನೋಡುವುದು ಈಗಿನ ರೂಢಿ.

2013ರಿಂದ, ಬೇಕಾದ ಜೀನನ್ನೇ ಗುರಿಯಿಟ್ಟು ತಿದ್ದುವ ಕ್ರಿಸ್ಪರ್ ವಿಧಾನ ಬಂದ ಮೇಲೆ ಕೆಲಸದ ದಿಕ್ಕು ಬದಲಾಗಿದೆ. ಅಪರೂಪದ ಚರ್ಮರೋಗವಿರುವ ಮಗುವಿನ ಜೀನೋಮಿನಲ್ಲಿ ಹೊಸ ಬದಲಾವಣೆ ಕಂಡಾಗ, ಅದು ರೋಗದ ಕಾರಣವೋ ಬರಿ ವ್ಯತ್ಯಾಸವೋ ತಿಳಿಯಲು ಮೀನಿನ ಅದೇ ಜೀನನ್ನು ಕೆಡಿಸಿ, ರೋಗಿಯ ಜೀನಿನ ಸಂದೇಶವನ್ನೂ ಆರೋಗ್ಯವಂತರ ಜೀನಿನ ಸಂದೇಶವನ್ನೂ ಬೇರೆಬೇರೆ ಭ್ರೂಣಗಳಿಗೆ ಚುಚ್ಚಿ, ಯಾವುದರಿಂದ ದೋಷ ಸರಿಹೋಗುತ್ತದೆಂದು ಹೋಲಿಸುತ್ತಾರೆ. ಗೋಲ್ಡನ್ ಮೀನಿನಲ್ಲಿ ನಡೆದದ್ದು ಇದೇ ಬಗೆಯ ಪರೀಕ್ಷೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಮರಿ ತಾನೇ ಆಹಾರ ತಿನ್ನಲು ಶುರುಮಾಡುವ ಮೊದಲಿನ, ಸುಮಾರು ಐದು ದಿನಗಳ ಹಂತ ಪ್ರಾಣಿಪ್ರಯೋಗದ ವ್ಯಾಪ್ತಿಗೆ ಬರುವುದಿಲ್ಲ. ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವು ಆ ಅವಧಿಯೊಳಗೇ ಮುಗಿಯುತ್ತವೆ. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವಶಾಸ್ತ್ರ ಸಂಸ್ಥೆಯಲ್ಲಿ ರೋಗಿಗಳ ಜೀನೋಮ್ ಓದುವ ಕೆಲಸ ಮತ್ತು ಜೀಬ್ರಾ ಮೀನಿನ ಪ್ರಯೋಗಾಲಯ ಎರಡೂ ಒಂದೇ ಸೂರಿನಡಿ ನಡೆಯುತ್ತಿವೆ.